ಎರಡೂ ಕಡೆಯ ಹಿಸಾಬು

ಮೊನ್ನೆ ಮೊಮ್ಮಗ ಬೀಜವಿಲ್ಲದ ಕಲ್ಲಂಗಡಿ ತಂದ. ಬೀಜ ಉಗುಳುವ ಸುಖವೇ ಇಲ್ಲದ ಮೇಲೆ ಅದೆಂಥ ಹಣ್ಣು ಎಂದು ಗೊಣಗುತ್ತಲೇ ಮೂರು ಹೋಳು ತಿಂದೆ. “ಬೀಜ ಇಲ್ಲದ್ದಕ್ಕ ರೊಕ್ಕ ಜಾಸ್ತಿ, ಅಜ್ಜಿ” ಎಂದ. ಅವನು ಹಾಗಂದದ್ದೇ ತಡ, ಕಲ್ಲೂರಿನ ನಮ್ಮ ಹೊಲದ ಒಂದು ಹತ್ತಿ ಗಿಡ ನೆನಪಾಯಿತು. ಬೀಜ ಕಟ್ಟಲಿಲ್ಲವೆಂದು ಬೈಸಿಕೊಂಡ ಗಿಡ ಅದು.

ಆಗಿನ್ನೂ ನಿಜಾಮರ ಆಳ್ವಿಕೆ. ನನ್ನ ಕಾಕಾ ರಾಯಚೂರಿನ ಹತ್ತಿ ಫಾರಮ್ಮಿನಲ್ಲಿ ನೌಕರಿಗಿದ್ದರು. ವಾರಕ್ಕೊಮ್ಮೆ ಸೈಕಲ್ ತುಳಿದು ಊರಿಗೆ ಬಂದರೆ ಬಾಯಿ ತುಂಬ ಉರ್ದು, ಕಿಸೆ ತುಂಬ ಬೀಜ. ಅಮೆರಿಕದ ಹತ್ತಿಯ ಹೂವಿಗೆ ನಮ್ಮ ಜವಾರಿ ಹತ್ತಿಯ ಪರಾಗ ಸವರಿ ಪಡೆದ ಬೀಜಗಳನ್ನು ಒಂದು ವರ್ಷ ಹೊಲದ ಮೂಲೆಯಲ್ಲಿ ಊರಿದರು. ಹುಟ್ಟಿದ್ದು ಒಂದೇ. ಆದರೆ ಏನು ಬೆಳೆಯಿತು ಅಂತೀರಿ! ಮೈತುಂಬ ಹೂವು.

ನಮ್ಮ ಕಡೆ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೆ ಎಡೆ ಮಾಡಿ ಚರಗ ಚೆಲ್ಲುತ್ತೇವೆ. ಬೆಳೆದು ನಿಂತ ಪೈರು ಬಸುರಿ ಹೆಣ್ಣು, ಅದರ ಬಯಕೆ ತೀರಿಸಬೇಕು. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯೆ ಎಲ್ಲ ಹೊಲಕ್ಕೆ ಮೊದಲು, ನಮಗೆ ಆಮೇಲೆ. (ನಾನು ಬಂಡಿಯಲ್ಲೇ ಒಂದು ಕಡುಬು ಮುಗಿಸಿರುತ್ತಿದ್ದೆ, ಆ ಮಾತು ಬೇರೆ.) ಮಕ್ಕಳೊಂದಿಗರಾದ ಮುತ್ತೈದೆಯರು ಚಂದದ ಗಿಡವೊಂದನ್ನು ಆರಿಸಿ, ಖಣ ಸುತ್ತಿ, ಉಡಿ ತುಂಬುತ್ತಾರೆ. ಆ ವರ್ಷ ಕಾಕಾನ ತಾಯಿ, ಅಂದರೆ ನನ್ನ ಅಜ್ಜಿ, ಆರಿಸಿದ್ದು ಕಾಕಾನ ಗಿಡವನ್ನೇ. ಕಾಕಾನ ಹೆಂಡತಿ ಚಿಗವ್ವನಿಗೆ ಮಕ್ಕಳಿರಲಿಲ್ಲ, ಅವಳು ಉಡಿ ಮುಟ್ಟುವಂತಿರಲಿಲ್ಲ. ಬಂಡಿಯ ಬಳಿ ನಿಂತು ಬುತ್ತಿ ಕಾಯುವುದಷ್ಟೇ ಅವಳ ಪಾಲು.

ಆಮೇಲೆ ಹೂವೆಲ್ಲ ಉದುರಿದವು. ಒಂದು ಕಾಯೂ ನಿಲ್ಲಲಿಲ್ಲ.

“ಅಯ್ಯ ನನ್ನ ಶಿವನ, ಬಂಜಿಗೆ ಉಡಿ ತುಂಬಿದ್ನಲ್ಲ! ಕಿತ್ತಿ ಒಗೀರಿ ಅದನ್ನ.” ಹತ್ತಿ ಬಿಡಿಸುವ ಹೊತ್ತಿಗೆ ಅಜ್ಜಿಯ ಸಿಟ್ಟು ನೆತ್ತಿಗೇರಿತ್ತು. ಕಣ್ಣು ಗಿಡದ ಮೇಲೆ, ಮಾತು ಚಿಗವ್ವನ ಮೇಲೆ. ಮರುದಿನ ದೇವದುರ್ಗಕ್ಕೆ ಹೋಗಿ ಕಾಕಾನಿಗೆ ಎರಡನೆಯ ಹೆಣ್ಣು ನೋಡುವುದಿತ್ತು. ಕಾಕಾ ಹ್ಞೂಂ ಅಂದಿರಲಿಲ್ಲ, ಊಹ್ಞೂಂ ಅಂತೂ ಅಂದೇ ಇರಲಿಲ್ಲ.

ಹೆಂಡತಿಯ ವಿಷಯಕ್ಕೆ ಬಾಯಿ ಬಿಡದವರು ಗಿಡದ ವಿಷಯಕ್ಕೆ ಮುಂದೆ ಬಂದರು.

“ಯವ್ವಾ, ಗಿಡದ್ದೇನೂ ಕಸೂರಿಲ್ಲ, ತಪ್ಪಿಲ್ಲ. ಎಲ್ಲಾ ಗಿಡದೊಳಗ ಕಣ್ಣಿಗೆ ಕಾಣದ ಸಣ್ಣ ಎಳಿ ಇರ್ತಾವ. ಇದಕ್ಕ ತಾಯಿ ಕಡಿಂದ ಇಪ್ಪತ್ತಾರು ಬಂದಾವ, ತಂದಿ ಕಡಿಂದ ಹದಿಮೂರು. ಬೀಜ ಕಟ್ಟಬೇಕಂದ್ರ ಎಳಿಗೆ ಎಳಿ ಜೋಡಿ ಆಗಬೇಕು. ಉಳಿದ ಹದಿಮೂರಕ್ಕ ಜೋಡಿ ಎಲ್ಲಿಂದ ತರೂದು? ಎರಡೂ ಕಡಿ ಹಿಸಾಬ ನೋಡಬೇಕು.”

ಪಕ್ಕದ ಸಾಲಿನಲ್ಲಿ ಹತ್ತಿ ಬಿಡಿಸುತ್ತಿದ್ದ ಚಿಗವ್ವ ನೆಟ್ಟಗೆ ನಿಂತಳು. ಅತ್ತೆಯ ಎದುರು ಅವಳು ಗಂಡನ ಜೊತೆ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಗಿಡಕ್ಕಾದ್ರ ಎರಡೂ ಕಡಿ ಎಣಿಸಿದ್ರಿ. ನನ್ನ ಹಿಸಾಬದಾಗ ನನ್ನ ಕಡಿದೊಂದ ಯಾಕ ಎಣಿಸಾಕತ್ತೀರಿ?”

ಹೊಲದ ಹೆಂಗಸರೆಲ್ಲ ಕೈ ನಿಲ್ಲಿಸಿದರು. “ಏನ್ ಮಾತಾಡಾಕತ್ತಿ ನೀ?” ಎಂದಳು ಅಜ್ಜಿ, ದನಿಯಲ್ಲಿ ಮೊದಲಿನ ಜೋರಿರಲಿಲ್ಲ. ಕಾಕಾನ ಮುಖ ಕೆಂಪಾಗಿತ್ತು. ಗಿಡದ ಕಡೆಯೇ ನೋಡುತ್ತ, “ಯವ್ವಾ, ದೇವದುರ್ಗದವರಿಗೆ ಬರೂದಿಲ್ಲಂತ ಹೇಳಿ ಕಳಸು” ಎಂದರು.

ಅವರಿಗೆ ಮಕ್ಕಳಾಗಲಿಲ್ಲ. ಯಾರ ಕಡೆಯಿಂದ ಎಂದು ಯಾರೂ ಕೇಳಲೂ ಇಲ್ಲ. ಮುಂದೆ ಇಬ್ಬರೂ ರಾಯಚೂರಿನಲ್ಲಿ ಮನೆ ಮಾಡಿದರು. ನಾನು ಅವರ ಮನೆಯಲ್ಲಿದ್ದು ಓದಿದೆ, ಜೀವಶಾಸ್ತ್ರದ ಟೀಚರಾದೆ. ಒಂದೇ ಎಳೆಯ, ಅಂದರೆ ಕ್ರೋಮೋಸೋಮಿನ, ಮೇಲೆ ಕೂತ ಗುಣಗಳು ಸಾಮಾನ್ಯವಾಗಿ ಜೊತೆಯಾಗಿಯೇ ಬರುತ್ತವೆ ಎಂದು ಪಾಠ ಮಾಡುವಾಗ ಹುಡುಗಿಯರು ನನ್ನ ಮೂಗನ್ನೇ ನೋಡುತ್ತಿದ್ದರು. ಅಜ್ಜಿಯ ಮೂಗು, ಅಜ್ಜಿಯ ಸಿಟ್ಟು ಎರಡೂ ಒಂದೇ ಗಂಟಿನಲ್ಲಿ ನನಗೆ ಬಂದಿವೆ. ಸಿಟ್ಟು ಹಾಗೆಲ್ಲ ಬರುವುದಿಲ್ಲ ಎನ್ನುತ್ತದೆ ಪುಸ್ತಕ, ನಮ್ಮ ಮನೆಯವರು ಒಪ್ಪುವುದಿಲ್ಲ. ನನಗೆ ಪಾಠ ಕಲಿಸಿದವರು ಕಾಕಾ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದೆ. ಈಗ ಯೋಚಿಸಿದರೆ ಚಿಗವ್ವನೇ ಕಲಿಸಿದ್ದು ಅನ್ನಿಸುತ್ತದೆ.

ಕಲ್ಲಂಗಡಿ ತಿಂದ ಕೈ ತೊಳೆದು ಹೊರಗೆ ಬಂದೆ. ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಗೆ ಅಲೆಯುತ್ತಿರುವ ಪಕ್ಕದ ಮನೆಯ ಸೊಸೆ ಒಬ್ಬಳೇ ಆಟೋ ಹತ್ತುತ್ತಿದ್ದಳು.

“ನಿನ್ನ ಗಂಡ ಎಲ್ಲಿ ಅದಾನವ್ವ?”

“ಅವರಿಗೇನಾಗ್ಯದ ಅಂತ ಬರ್ತಾರ್ರೀ, ಟೀಚರ್?”

ಊರ ಉಸಾಬರಿ ನನಗೇಕೆ ಎಂದು ಬಾಳಿದವಳು ನಾನು. ಅಂದು ಮಾತ್ರ ಆಟೋದವನಿಗೆ ನಿಲ್ಲು ಎಂದು ಹೇಳಿ ಅವರ ಮನೆಯ ಕದ ತಟ್ಟಿದೆ. ಗಂಡ ಲುಂಗಿಯಲ್ಲೇ ಹೊರಗೆ ಬಂದ.

“ಅಂಗಿ ಹಾಕ್ಕೊಂಡ ಬಾ ಯಪ್ಪಾ,” ಎಂದೆ. “ನೀನೂ ಹೊಂಟೀದಿ.”