ಮುಚ್ಚಳಪ್ಪನ ಕಪಾಟಿನೊಳಗಿನ ಕಂಪ್ಯೂಟರ್

ಆ ಬಡಗಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಎಲ್ಲಾದರೂ ಸಹಿ ಹಾಕಬೇಕಾಗಿ ಬಂದಾಗ ಮಾತ್ರ ಅದು ಅವನ ನೆನಪಿಗೆ ಬರುತ್ತಿತ್ತು. ಬೀದಿಯವರಿಗೆಲ್ಲ ಅವನು ಮುಚ್ಚಳಪ್ಪ. ಕಣ್ಣಿಗೆ ಬಿದ್ದದ್ದನ್ನೆಲ್ಲ ಮುಚ್ಚಿಬಿಡಬೇಕು ಎನ್ನುವುದು ಅವನ ಹುಟ್ಟುಗುಣ. ನಲ್ಲಿಯ ಪೈಪಿಗೆ ಮರದ ಹೊದಿಕೆ, ಕರೆಂಟಿನ ಮೀಟರಿಗೆ ಪೆಟ್ಟಿಗೆ, ಚಪ್ಪಲಿಗೆ ಕಪಾಟು. ಗೋಡೆ ಗಡಿಯಾರಕ್ಕೂ ಒಂದು ಬಾಗಿಲು ಮಾಡಿದ್ದ. ಗಂಟೆ ಎಷ್ಟೆಂದು ತಿಳಿಯಬೇಕಾದರೆ ಸ್ಟೂಲು ಹತ್ತಿ ಬಾಗಿಲು ತೆಗೆಯಬೇಕು. "ಹತ್ತಿ ಇಳಿಯೋ ಹೊತ್ತಿಗೆ ಗಂಟೆ ಬೇರೆ ಆಗಿರುತ್ತೆ" ಎಂದು ಹೆಂಡತಿ ಗೊಣಗುತ್ತಿದ್ದಳು.

ಅವನ ಬಾಗಿಲುಗಳಿಗೆ ಹಿಡಿಕೆಯೂ ಇರುತ್ತಿರಲಿಲ್ಲ. ಹಿಡಿಕೆ ಎಂದರೆ ಅದೂ ಕಾಣುವ ವಸ್ತುವೇ ತಾನೆ? ಒತ್ತಿದರೆ ತೆರೆದುಕೊಳ್ಳಬೇಕು, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳಬೇಕು. ಒಮ್ಮೆ ಪೈಪು ಸೋರುತ್ತಿದೆ ಎಂದು ಕರೆಸಿದ ಪ್ಲಂಬರು, ರೋಗಿಯ ಬೆನ್ನು ತಟ್ಟಿ ನೋಡುವ ಹಾಗೆ ಅಡುಗೆಮನೆಯ ಗೋಡೆಯನ್ನೆಲ್ಲ ತಟ್ಟುತ್ತ ಹೋದ. ಮೊದಲು ಸಕ್ಕರೆ ಡಬ್ಬಿ ಸಿಕ್ಕಿತು. ಆಮೇಲೆ ಇಸ್ತ್ರಿಪೆಟ್ಟಿಗೆ. ಆಮೇಲೆ, ಕಳೆದೇಹೋಯಿತೆಂದು ಮನೆಯವರೆಲ್ಲ ಆಸೆ ಬಿಟ್ಟಿದ್ದ, ತೀರಿಕೊಂಡ ಮಾವನವರ ಹಲ್ಲುಸೆಟ್ಟು. ಪೈಪು ಮಾತ್ರ ಸಿಗಲಿಲ್ಲ.

ಹಾಗೆಂದು ಅವನ ಕೈಕೆಲಸಕ್ಕೆ ಯಾರೂ ಹೆಸರಿಡುವಂತಿರಲಿಲ್ಲ. ಅವನು ಕೂರಿಸಿದ ಬಾಗಿಲಿನ ಸಂದಿಯಲ್ಲಿ ಇರುವೆ ಹೋಗಲಿ, ಇರುವೆಯ ನೆರಳೂ ನುಸುಳುತ್ತಿರಲಿಲ್ಲ. ಬಾಗಿಲು ಮುಚ್ಚಿಕೊಳ್ಳುವಾಗ ಒಳಗಿನ ಗಾಳಿ ಜಾಗ ಸಾಲದೆ 'ಪುಸ್' ಎಂದು ಹೊರಬೀಳುತ್ತಿತ್ತು. ಆ ಪುಸ್ ಕೇಳಲು ಅವನು ಕಿವಿ ಕೊಟ್ಟು ನಿಲ್ಲುತ್ತಿದ್ದ ರೀತಿಯನ್ನು ನೋಡಬೇಕಿತ್ತು. ಮೊಮ್ಮಗುವಿನ ಮೊದಲ ಮಾತಿಗೂ ಅಷ್ಟು ಆಸೆಯಿಂದ ಯಾರೂ ಕಾದಿರಲಾರರು.

ಅಡುಗೆಮನೆಯ ಕಪಾಟುಗಳನ್ನು ಮಾಡಿಕೊಡುವುದೇ ಅವನ ಬದುಕು. ಮನೆಯ ಹಿಂದೆಯೇ ಒಂದು ಶೆಡ್ಡು, ಅದರಲ್ಲಿ ಅವನ ಕಾರ್ಖಾನೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ದೊಡ್ಡ ರಸ್ತೆಯಲ್ಲಿ ಆ ಗಾಜಿನ ಷೋರೂಮು ಬರುವ ತನಕ. ಅಲ್ಲಿ ಗಿರಾಕಿಗಳನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಇನ್ನೂ ಮಾಡದೇ ಇರುವ ಅಡುಗೆಮನೆಯನ್ನು ಟಿವಿಯಂಥ ಪರದೆಯ ಮೇಲೆ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು. ಮುಚ್ಚಳಪ್ಪ ಬೀಡಿ ಕಟ್ಟಿನ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚಿ ತೋರಿಸುತ್ತಿದ್ದ ನಕ್ಷೆ ಆಮೇಲೆ ಯಾರಿಗೆ ಬೇಕು? ಬರುವವರು ಕಡಿಮೆಯಾದರು. ಷೋರೂಮಿನ ಯಜಮಾನ ಹೇಳಿಕಳಿಸಿದ: "ಈ ವಯಸ್ಸಿನಲ್ಲಿ ಸ್ವಂತ ಶೆಡ್ಡು ಯಾಕೆ? ಬಾಗಿಲು ಹಾಕಿ ನಮ್ಮಲ್ಲಿಗೆ ಬಂದುಬಿಡಿ. ಮಿಷಿನ್ನಿನಲ್ಲಿ ಮಾಡಿದ ಬಾಗಿಲು ಬಂದಿರುತ್ತೆ, ನೀವು ಸುಮ್ನೆ ತಿರುಪು ಬಿಗಿದರೆ ಆಯ್ತು."

ಮುಚ್ಚುವುದೇ ಕಸುಬಾದವನಿಗೆ ತನ್ನ ಶೆಡ್ಡನ್ನು ಮುಚ್ಚು ಎಂದರೆ ಮಾತ್ರ ಎದೆಗೆ ಉಳಿ ಇಳಿದಂತಾಯಿತು. ಅವನು ಊಟ ಬಿಟ್ಟ. ಆಗ ಮಗಳು ಬಾಯಿ ಬಿಟ್ಟಳು. ಅವಳು ಕಂಪ್ಯೂಟರಿನಲ್ಲಿ ಮನೆಯೊಳಗಿನ ಚಿತ್ರ ಬರೆಯುವುದನ್ನು ಕಲಿತಿದ್ದಳು.

"ಅಪ್ಪ, ನಾವೂ ತೋರಿಸೋಣ. ನೀನು ಮಾಡೋ ಅಡುಗೆಮನೆ ಅವರದಕ್ಕಿಂತ ಚೆನ್ನಾಗಿದೆ. ಜನಕ್ಕೆ ಅದು ಮಾಡಿದ ಮೇಲೆ ಕಾಣುತ್ತೆ, ಅಷ್ಟೇ ತೊಂದರೆ. ಒಂದು ಒಳ್ಳೆ ಕಂಪ್ಯೂಟರ್ ತಗೊಂಡ್ರೆ ಸಾಕು."

"ತಗೊಳ್ಳೋಣ. ಆದ್ರೆ ಅದು ಮನೇಲಿ ಕಾಣಬಾರದು."

ಅಂಗಡಿಗೆ ಹೋದಾಗ ಮಗಳು ಮಂಚದ ಕೆಳಗೆ ಇಡುವ ಟ್ರಂಕಿನಷ್ಟು ದೊಡ್ಡ ಕಂಪ್ಯೂಟರೊಂದರ ಮುಂದೆ ನಿಂತಳು. ಅಪ್ಪ ಜೇಬಿನಿಂದ ಅಳತೆಯ ಟೇಪು ತೆಗೆದ. ಬೇರೆಯವರು ಅದರ ವೇಗ ಎಷ್ಟು ಎಂದು ಕೇಳುತ್ತಾರೆ, ಇವನು ಅಗಲ ಎಷ್ಟು ಎಂದು ಕೇಳಿದ. ಕೊನೆಗೆ, ಮಕ್ಕಳ ತಿಂಡಿಡಬ್ಬಿಯಷ್ಟಿದ್ದ ಒಂದು ಪುಟ್ಟ ಕಂಪ್ಯೂಟರನ್ನು ಎತ್ತಿಕೊಂಡು, ಗೆದ್ದವನಂತೆ ಹೊರಟ.

ಆ ಪುಟ್ಟದು ಪಾಪ, ಪತ್ರ ಬರೆಯಲು, ಲೆಕ್ಕ ಹಾಕಲು ಚುರುಕಾಗಿಯೇ ಇತ್ತು. ಅಡುಗೆಮನೆ ತಿರುಗಿಸು ಎಂದರೆ ಮಾತ್ರ ಏದುಸಿರು ಬಿಡುತ್ತಿತ್ತು. ಒಲೆ ಮೊದಲು ಬರುತ್ತಿತ್ತು, ಗೋಡೆ ಟೀ ಕುಡಿದು ಬಂದ ಹಾಗೆ ನಿಧಾನವಾಗಿ ಆಮೇಲೆ ಬರುತ್ತಿತ್ತು. ಮಗಳು ಅಂಗಡಿಯವನನ್ನು ಕರೆಸಿದಳು.

"ಇದರ ಹೊಟ್ಟೇಲಿ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಿಡಿಸಲ್ಲ ಯಜಮಾನ್ರೇ. ಚಿತ್ರ ಓಡಬೇಕಂದ್ರೆ ಆ ಕಾರ್ಡನ್ನ ಹೊರಗಡೆ ಬೇರೆ ಪೆಟ್ಟಿಗೇಲಿ ಹಾಕಿ, ವಯರ್ ಎಳೀಬೇಕು" ಎಂದ ಅಂಗಡಿಯವ.

"ಎಷ್ಟು ದೊಡ್ಡ ಪೆಟ್ಟಿಗೆ?"

ಅಂಗಡಿಯವ ಕೈ ಅಗಲಿಸಿ ತೋರಿಸಿದ. ಮುಚ್ಚಳಪ್ಪನ ಮುಖ ಇಂಗು ತಿಂದ ಮಂಗನಂತಾಯಿತು.

"ಒಳಕೋಣೇಲಿ ಇಟ್ಟು ಉದ್ದ ವಯರ್ ಹಾಕಿದ್ರೆ?"

"ಆಗಲ್ಲ. ಈ ವಯರ್ ಗಿಡ್ಡನೇ ಇರಬೇಕು. ಉದ್ದ ಮಾಡಿದ್ರೆ ವೇಗ ಸತ್ತುಹೋಗುತ್ತೆ. ಎರಡೂ ಅಕ್ಕಪಕ್ಕ ಸಂಸಾರ ಮಾಡಬೇಕು."

ಹೀಗೆ ತಿಂಡಿಡಬ್ಬಿಯ ಪಕ್ಕಕ್ಕೆ ಟ್ರಂಕು ಬಂದು ಕೂತಿತು. ಅದಕ್ಕೆ ಅದರದೇ ಫ್ಯಾನು, ಹಗ್ಗದಷ್ಟು ದಪ್ಪನೆಯ ಅದರದೇ ಕರೆಂಟಿನ ವಯರು. ಕೀಲಿಮಣೆ, ಮೌಸು, ಮಗಳು ಕಡ್ಡಿಯಂಥ ಪೆನ್ನಿನಿಂದ ಚಿತ್ರ ಬರೆಯುವ ಹಲಗೆ, ಚಿತ್ರಗಳನ್ನು ಕೂಡಿಡುವ ಡಿಸ್ಕು, ಇವಕ್ಕೆಲ್ಲ ಪುಟ್ಟ ಕಂಪ್ಯೂಟರಿನ ತೂತುಗಳು ಸಾಲದೆ, ತೂತುಗಳೇ ತುಂಬಿದ ಹಬ್ ಎನ್ನುವ ಇನ್ನೊಂದು ಪಟ್ಟಿ ಬಂತು. ಮೊದಲೇ ಮಗಳು ಮೆಚ್ಚಿದ ಆ ದೊಡ್ಡ ಕಂಪ್ಯೂಟರನ್ನೇ ತಂದಿದ್ದರೆ ಒಂದೇ ಪೆಟ್ಟಿಗೆಯಲ್ಲಿ ಮುಗಿಯುತ್ತಿತ್ತು. ಅದನ್ನು ಮಗಳು ಹೇಳಲಿಲ್ಲ. ಹೆಂಡತಿ ಹೇಳಿದಳು.

"ಚಿಕ್ಕದು ಚಿಕ್ಕದು ಅಂತ ತಂದ್ರಿ. ಈಗ ನೋಡಿ, ಮದುಮಗ ಒಬ್ಬ, ದಿಬ್ಬಣ ಮನೆ ತುಂಬಾ."

ಮುಚ್ಚಳಪ್ಪ ಪರದೆಯ ವಯರನ್ನು ತಾನೇ ಸಿಕ್ಕಿಸುತ್ತೇನೆಂದು ಮುಂದೆ ಬಂದ. ದೊಡ್ಡ ಪೆಟ್ಟಿಗೆಗೆ ಸಿಕ್ಕಿಸಿದರೆ ವಯರು ಓರೆಯಾಗಿ ಕಾಣುತ್ತದೆಂದು ಪುಟ್ಟದಕ್ಕೇ ನೇರವಾಗಿ ಸಿಕ್ಕಿಸಿದ. ದೊಡ್ಡ ಪೆಟ್ಟಿಗೆ, ಮಾಡಲು ಕೆಲಸವಿಲ್ಲದೆ ಬೀಗರ ಮನೆಗೆ ಬಂದ ನೆಂಟನ ಹಾಗೆ, ಸುಮ್ಮನೆ ಗುಂಯ್ ಎನ್ನುತ್ತ ಕೂತಿತು. ಅಡುಗೆಮನೆ ಮೊದಲಿನಂತೆಯೇ ಕುಂಟಿತು. ಮಗಳು ಅವನು ಸ್ನಾನಕ್ಕೆ ಹೋದಾಗ ವಯರನ್ನು ಬದಲಿಸಿ ದೊಡ್ಡದಕ್ಕೆ ಸಿಕ್ಕಿಸಿದಳು. ಅವನು ತಲೆ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಪರದೆಯ ಮೇಲೆ ಅಡುಗೆಮನೆ ಬುಗುರಿಯಂತೆ ತಿರುಗುತ್ತಿತ್ತು. "ನೋಡಿದ್ಯಾ, ನೇರ ಸಿಕ್ಕಿಸಿದ್ರೆ ಹೇಗೆ ಓಡುತ್ತೆ!" ಎಂದ. ಮಗಳು ತುಟಿ ಕಚ್ಚಿಕೊಂಡಳು.

ಇನ್ನು ಉಳಿದದ್ದು ಈ ದಿಬ್ಬಣವನ್ನು ಮುಚ್ಚುವ ಕೆಲಸ. ಮುಚ್ಚಳಪ್ಪ ಶೆಡ್ಡು ಸೇರಿದ. ಅವನು ತನ್ನ ಜೀವಮಾನದಲ್ಲಿ ಮಾಡಿದ ಕಪಾಟುಗಳಲ್ಲೆಲ್ಲ ಅದೇ ಚೆಂದದ್ದು. ಒಳಗೆ ಒಂದೊಂದು ವಯರಿಗೂ ಒಂದೊಂದು ಕಾಲುವೆ ಕೊರೆದಿದ್ದ. ಪರದೆ ಗೋಡೆಯ ಮೇಲೆ, ಕೈಗೆ ಬೇಕಾದ ಕೀಲಿಮಣೆ, ಮೌಸು, ಹಲಗೆ ಮೇಜಿನ ಮೇಲೆ, ಮಿಕ್ಕಿದ್ದೆಲ್ಲ ಒಳಗೆ. ವಯರು ಹೊರಬರುವ ತೂತಿನ ಸುತ್ತ ಉಣ್ಣೆಬಟ್ಟೆ ತುರುಕಿದ. ಬಾಗಿಲಿನ ಅಂಚಿಗೆಲ್ಲ ರಬ್ಬರಿನ ಪಟ್ಟಿ ಓಡಿಸಿದ. ಮುಚ್ಚಿದಾಗ ಬಂದ ಪುಸ್ ಎಷ್ಟು ಉದ್ದವಿತ್ತೆಂದರೆ, ಹೆಂಡತಿ ಕುಕ್ಕರ್ ಕೂಗಿತೆಂದು ಎದ್ದು ಹೋದಳು.

"ಅಪ್ಪ, ಅದಕ್ಕೆ ಗಾಳಿ ಬೇಡ್ವಾ?" ಎಂದಳು ಮಗಳು.

"ಯಾಕೆ, ಅದೇನು ಉಸಿರಾಡುತ್ತಾ?"

"ಬಿಸಿ ಆಗುತ್ತಪ್ಪ. ಅದಕ್ಕೇ ಅಲ್ವಾ ಅದರಲ್ಲಿ ಫ್ಯಾನ್ ಇಟ್ಟಿರೋದು?"

"ಫ್ಯಾನ್ ಇದೆ ಅಂದಮೇಲೆ ಗಾಳಿ ಒಳಗೇ ಇದೆ ಅಂತಾಯ್ತಲ್ಲ!"

ಮಗಳು ವಾದ ಬಿಟ್ಟು ಉಪಾಯ ಹಿಡಿದಳು. ಅಪ್ಪ ಶೆಡ್ಡಿನಲ್ಲಿ ಇರುವಷ್ಟು ಹೊತ್ತೂ ಕಪಾಟಿನ ಬಾಗಿಲನ್ನು ಪೂರ್ತಿ ತೆರೆದು, ಅದು ತಾನಾಗಿ ಮುಚ್ಚಿಕೊಳ್ಳದಂತೆ ಹಿಟ್ಟಿನ ಡಬ್ಬಿಯನ್ನು ಅಡ್ಡ ಇಟ್ಟು ಕೆಲಸ ಮಾಡುತ್ತಿದ್ದಳು. ಅವನಿಗೆ ಒಳಗೆ ಬರುವ ಮುನ್ನ ಚಪ್ಪಲಿಯನ್ನು ಹೊಸ್ತಿಲಿಗೆ ಬಡಿದು ಮರದ ಹೊಟ್ಟು ಉದುರಿಸುವ ಅಭ್ಯಾಸ. ಟಪ್ ಟಪ್ ಎನ್ನುತ್ತಿದ್ದ ಹಾಗೆ ಅಡುಗೆಮನೆಯಿಂದ ಅಮ್ಮ ಕೆಮ್ಮುತ್ತಿದ್ದಳು, ಮಗಳು ಡಬ್ಬಿ ಎಳೆಯುತ್ತಿದ್ದಳು, ಪುಸ್. ಮುಚ್ಚಳಪ್ಪ ಬಂದು ಮುಚ್ಚಿದ ಬಾಗಿಲ ಮೇಲೆ ಅಂಗೈ ಇಟ್ಟು, ಅದು ಬೆಚ್ಚಗಿರುವುದನ್ನು ಕಂಡು, "ಮರ ಒಳ್ಳೇದಿದ್ರೆ ಹೀಗೇ, ಜೀವ ಇರುತ್ತೆ" ಎಂದು ಮೆಚ್ಚಿಕೊಳ್ಳುತ್ತಿದ್ದ.

ಹೀಗಿರುವಾಗ ಹಲ್ಲಿನ ಡಾಕ್ಟರಮ್ಮ ಬಂದರು. ಹೊಸ ಮನೆ ಕಟ್ಟಿಸಿದ್ದರು. ಅಡುಗೆಮನೆ ಮಾತ್ರವಲ್ಲ, ಮನೆಯ ಕಪಾಟುಗಳೆಲ್ಲ ಒಬ್ಬರ ಕೈಯಲ್ಲೇ ಆಗಬೇಕೆಂದಿದ್ದರು. ಆ ಕೆಲಸ ಸಿಕ್ಕಿದರೆ ಶೆಡ್ಡು ಉಳಿಯುತ್ತದೆ, ಸಿಗದಿದ್ದರೆ ಷೋರೂಮಿನಲ್ಲಿ ತಿರುಪುಳಿ ಹಿಡಿಯುವುದೇ ಗತಿ. ಇದು ಮೂವರಿಗೂ ಗೊತ್ತಿತ್ತು. ಡಾಕ್ಟರಮ್ಮ ಷೋರೂಮಿನ ಚಿತ್ರಗಳನ್ನು ಆಗಲೇ ನೋಡಿದ್ದರು. "ನಿಮ್ಮದೂ ನೋಡಿ ಇವತ್ತೇ ತೀರ್ಮಾನ ಮಾಡಿಬಿಡ್ತೀನಿ ಮೇಸ್ತ್ರಿ" ಎಂದು ಕೂತರು.

ಮುಚ್ಚಳಪ್ಪ ಕೈ ಒರೆಸಿಕೊಂಡು ಹೋಗಿ, ಕಂಪ್ಯೂಟರ್ ಹಚ್ಚಲೆಂದು ಮಗಳು ತೆರೆದು ಹಿಡಿದಿದ್ದ ಕಪಾಟನ್ನು ತಾನೇ ಮುಚ್ಚಿದ. ಪುಸ್. ಮಗಳ ಮುಖ ಸುಣ್ಣದಂತಾಯಿತು.

"ಅಪ್ಪ, ಸ್ವಲ್ಪ ತೆಗೆದೇ ಇರಲಿ..."

"ಬಂದೋರ ಮುಂದೆ ಕರುಳು ಬಿಚ್ಚಿ ತೋರಿಸ್ತಾರೇನೇ?" ಎಂದು ಪಿಸುಗುಟ್ಟಿ ಕಣ್ಣು ಬಿಟ್ಟ.

ಮೊದಮೊದಲು ಎಲ್ಲ ಸೊಗಸಾಗಿ ನಡೆಯಿತು. ಪರದೆಯ ಮೇಲೆ ಡಾಕ್ಟರಮ್ಮನ ಅಡುಗೆಮನೆ ಹಾಲಿನಂತೆ ಹರಿಯಿತು. ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಸಾಲುಸಾಲಾಗಿ ಬಾಗಿಲುಗಳು, ಒಂದಕ್ಕೂ ಹಿಡಿಕೆಯಿಲ್ಲ. "ಚೆನ್ನಾಗಿದೆ ಕಣಮ್ಮ. ಆ ಮೂಲೆಗೆ ಹೋಗು" ಎಂದರು. ಮಗಳು ಮೂಲೆಗೆ ಹೋದಳು. ಅಷ್ಟರಲ್ಲಿ ಕಪಾಟಿನೊಳಗಿಂದ, ಸೀಸೆಯಲ್ಲಿ ಸಿಕ್ಕಿಕೊಂಡ ದುಂಬಿಯಂಥ ಸದ್ದು ಶುರುವಾಯಿತು. ಮುಚ್ಚಳಪ್ಪ ಆ ಸದ್ದನ್ನೂ ಮುಚ್ಚಲು ಗಂಟಲು ಏರಿಸಿ ಮರದ ಜಾತಿಗಳನ್ನು ವರ್ಣಿಸತೊಡಗಿದ. ಸದ್ದು ಏರಿದಷ್ಟೂ ಅವನೂ ಏರಿದ. ಒಳಗಿಂದ ಹೆಂಡತಿ ಗಂಡನ ನೆರವಿಗೆಂದು ಪಾತ್ರೆಗಳನ್ನು ಕುಕ್ಕತೊಡಗಿದಳು.

ಆ ಗದ್ದಲದ ನಡುವೆ ಡಾಕ್ಟರಮ್ಮ ಪರದೆಯ ಒಂದು ಬಾಗಿಲನ್ನು ಬೊಟ್ಟು ಮಾಡಿ, "ಇದನ್ನ ತೆಗೆದ್ರೆ ಒಳಗೆ ಏನಿದೆ?" ಎಂದು ಕೇಳಿದರು.

ಪರದೆ ಕಪ್ಪಾಯಿತು.

ಮುಚ್ಚಳಪ್ಪನ ಬಾಯಲ್ಲಿ ತೇಗದ ಮರ ಅರ್ಧಕ್ಕೇ ನಿಂತಿತು. ಪಾತ್ರೆಯ ಸದ್ದೂ ನಿಂತಿತು. ಡಾಕ್ಟರಮ್ಮ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, "ಅಲ್ಲಿ ಹೀಗೇನೂ ಆಗಲಿಲ್ಲ" ಎಂದರು. ಅವರು ಅಲ್ಲಿ ಎಂದದ್ದು ಎಲ್ಲಿ ಎನ್ನುವುದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

"ಅಪ್ಪ, ಬಾಗಿಲು ತೆಗಿ. ಉಸಿರು ಕಟ್ಟಿದೆ ಅದಕ್ಕೆ" ಎಂದಳು ಮಗಳು.

"ಇಷ್ಟು ದಿನ ಮುಚ್ಚಿದ್ರೂ ಓಡ್ತಿತ್ತಲ್ಲೇ?"

"ಇಷ್ಟು ದಿನ ತೆಗೆದಿಟ್ಟೇ ಮಾಡ್ತಿದ್ದೆ. ನಿನ್ನ ಚಪ್ಪಲಿ ಸದ್ದು ಕೇಳಿದ ಮೇಲೆ ಮುಚ್ತಿದ್ದೆ."

"ಮತ್ತೆ ನಿಮ್ಮಮ್ಮ ಹೊತ್ತಿಗೆ ಸರಿಯಾಗಿ ಕೆಮ್ತಿದ್ದದ್ದು?"

ಅಡುಗೆಮನೆಯ ಬಾಗಿಲಲ್ಲಿ ಕಾಣುತ್ತಿದ್ದ ಸೀರೆಯ ಅಂಚು ಸರಕ್ಕನೆ ಒಳಗೆ ಹೋಯಿತು. ಅವಳ ಕೆಮ್ಮಿಗೆಂದು ಅವನು ತಂದುಕೊಟ್ಟ ಔಷಧಿಯ ಸೀಸೆಗಳು, ಅವನೇ ಮಾಡಿದ ಕಪಾಟೊಂದರಲ್ಲಿ, ಮುಚ್ಚಳ ತೆರೆಯದೆ ಸಾಲಾಗಿ ಕೂತಿದ್ದವು.

ಮುಚ್ಚಳಪ್ಪ ಕಪಾಟನ್ನು ಒತ್ತಿದ. ಒಳಗಿನ ಬಿಸಿಗಾಳಿ ಒಲೆಯ ಬಾಯಿ ತೆರೆದಂತೆ ಮುಖಕ್ಕೆ ಹೊಡೆಯಿತು. ಕೈ ಬಿಟ್ಟದ್ದೇ ತಡ, ಸ್ಪ್ರಿಂಗಿನ ಬಾಗಿಲು ಮತ್ತೆ ಮುಚ್ಚಿಕೊಂಡಿತು. ಮತ್ತೆ ತೆರೆದ, ಮತ್ತೆ ಮುಚ್ಚಿಕೊಂಡಿತು. ಅಷ್ಟು ನಿಯತ್ತಿನ ಬಾಗಿಲು. ಹಿಟ್ಟಿನ ಡಬ್ಬಿ ತರಲು ಮಗಳು ಎದ್ದಳು, ಅವನು ತಡೆದ. ಗಿರಾಕಿಯ ಎದುರಿಗೆ ತನ್ನ ಬಾಗಿಲಿಗೆ ಹಿಟ್ಟಿನ ಡಬ್ಬಿ ಊರುಗೋಲಾಗುವುದನ್ನು ಅವನು ನೋಡಲಾರ. ಸೊಂಟದಿಂದ ತಿರುಪುಳಿ ತೆಗೆದು, ಮಂಡಿಯೂರಿ, ತಿರುಪು ಬಿಚ್ಚತೊಡಗಿದ. ಯಾವ ತಿರುಪಿನ ಕೆಲಸಕ್ಕೆ ಹೆದರಿ ಇಷ್ಟೆಲ್ಲ ಕಟ್ಟಿದ್ದನೋ ಅದೇ ಕೆಲಸ, ಅದೂ ತನ್ನ ಮನೆಯಲ್ಲೇ, ಉಲ್ಟಾ. ಬಾಗಿಲನ್ನು ಎತ್ತಿ ಗೋಡೆಗೆ ಒರಗಿಸಿದ.

ಯಂತ್ರ ತಣ್ಣಗಾಗಲು ಹೊತ್ತು ಹಿಡಿಯಿತು. ಡಾಕ್ಟರಮ್ಮ ಎದ್ದು ಹೊರಡಬಹುದಿತ್ತು. ಆದರೆ ತೆರೆದ ಬಾಯಿ ಕಂಡರೆ ಬಗ್ಗಿ ನೋಡದೆ ಇರಲು ಅವರಿಂದಾಗುವುದಿಲ್ಲ. ಕಪಾಟಿನ ಮುಂದೆ ಬಗ್ಗಿದರು. ಒಳಗೆ ಪುಟ್ಟ ಕಂಪ್ಯೂಟರು, ಅದರ ಪಕ್ಕ ದೊಡ್ಡ ಪೆಟ್ಟಿಗೆ, ಹಬ್ಬು, ಡಿಸ್ಕು. ವಯರುಗಳೆಲ್ಲ ತಂತಮ್ಮ ಕಾಲುವೆಯಲ್ಲಿ ತಲೆ ಬಾಚಿದಂತೆ ಮಲಗಿದ್ದವು.

"ಇಷ್ಟು ಚೆನ್ನಾಗಿ ಜೋಡಿಸಿ ಇದನ್ನ ಯಾಕ್ರೀ ಮುಚ್ಚಿದ್ರಿ? ಯಾವುದು ಎಲ್ಲಿದೆ ಅಂತ ನನಗೂ ಗೊತ್ತಾಗುತ್ತೆ."

"ಕಾಣಬಾರದು ಅಂತ ಡಾಕ್ಟರಮ್ಮ."

"ನೋಡಿ ಮೇಸ್ತ್ರಿ, ಬೆಳಗ್ಗೆಯಿಂದ ಸಂಜೆ ತನಕ ಬಂದೋರಿಗೆಲ್ಲ ಬಾಯಿ ತೆಗೀರಿ, ಬಾಯಿ ತೆಗೀರಿ ಅಂತ ಬೇಡ್ಕೊಳ್ಳೋಳು ನಾನು. ಮನೆಗೆ ಹೋದ್ಮೇಲೆ ಕಪಾಟಿಗೂ ಅದನ್ನೇ ಹೇಳ್ಲಾ? ನನ್ನ ಅಡುಗೆಮನೆ ಹೀಗೇ ಇರಲಿ. ಬಾಗಿಲೇ ಬೇಡ."

ಪರದೆಗೆ ಜೀವ ಬಂತು. ಮಗಳು ಮೌಸು ಹಿಡಿದು ಅಪ್ಪನ ಮುಖ ನೋಡಿದಳು. ಅವನು ಗೋಡೆಗೆ ಒರಗಿಸಿದ ಬಾಗಿಲನ್ನು ನೋಡುತ್ತಿದ್ದ. ಆಮೇಲೆ ಹೂಂ ಎಂದು ಕತ್ತು ಆಡಿಸಿದ. ಒಂದೊಂದು ಕ್ಲಿಕ್ಕಿಗೂ ಚಿತ್ರದ ಒಂದೊಂದು ಬಾಗಿಲು ಉದುರಿತು. ಪ್ರತಿ ಸಲವೂ ಅವನ ದವಡೆ ಬಿಗಿಯಾಗುತ್ತಿತ್ತು.

ಡಾಕ್ಟರಮ್ಮ ಓರೆಗಣ್ಣಿನಿಂದ ನೋಡಿ ಕೇಳಿದರು: "ನೋವಾಗ್ತಿದೆಯಾ ಮೇಸ್ತ್ರಿ?"

"ಇಲ್ಲಮ್ಮ" ಎಂದ, ಅವರ ಕುರ್ಚಿಯಲ್ಲಿ ಮಲಗಿದವರೆಲ್ಲ ಹೇಳುವ ಹಾಗೆ.

ಕೆಲಸ ಅವನಿಗೇ ಸಿಕ್ಕಿತು. ಶೆಡ್ಡು ಉಳಿಯಿತು. ಆ ಅಡುಗೆಮನೆಯನ್ನು ನೋಡಿದವರೆಲ್ಲ ತಮಗೂ ಅಂಥದ್ದೇ ಬೇಕೆಂದು ಬಂದರು. ಬಾಗಿಲು ಮಾಡುವುದರಲ್ಲಿ ಅವನಂಥವನಿಲ್ಲ ಎನಿಸಿಕೊಂಡಿದ್ದವನು ಬಾಗಿಲಿಲ್ಲದ ಕಪಾಟಿಗೆ ಹೆಸರುವಾಸಿಯಾದ. ಕಂಪ್ಯೂಟರು ನಡುಮನೆಯಲ್ಲಿ ಬಟಾಬಯಲಾಗಿ, ತಣ್ಣಗೆ ಗುಂಯ್ ಎನ್ನುತ್ತ ದುಡಿಯುತ್ತಿದೆ. ಹೆಂಡತಿಯ ಕೆಮ್ಮು ವಾಸಿಯಾಗಿದೆ. ಇದೇ ಸಂದಿಯಲ್ಲಿ ಗಡಿಯಾರದ ಬಾಗಿಲನ್ನೂ ತೆಗೆಸಿಬಿಡೋಣವೆಂದು ಅವಳು ಬಾಯಿ ಹಾಕಿದಳು. ಅವನು ಕಿವಿ ಕೇಳದವನಂತೆ ಎದ್ದು ಹೋದ.

ಬಿಚ್ಚಿದ ಆ ಬಾಗಿಲನ್ನು ಮಾತ್ರ ಅವನು ಬೇರೆ ಕೆಲಸಕ್ಕೆ ಕತ್ತರಿಸಲಿಲ್ಲ. ಶೆಡ್ಡಿನ ಗೋಡೆಗೆ ಒಂದು ಚೌಕಟ್ಟು ಬಡಿದು, ಅದಕ್ಕೇ ಕೂರಿಸಿದ್ದಾನೆ. ಕೆಲಸದ ನಡುವೆ ಬೇಸರವಾದಾಗ ಹೋಗಿ ಒತ್ತುತ್ತಾನೆ, ಬಿಡುತ್ತಾನೆ, ಕಿವಿ ಕೊಡುತ್ತಾನೆ. ಪುಸ್.

ಒಂದು ದಿನ ಟೀ ತಂದ ಹೆಂಡತಿ ಇದನ್ನು ನೋಡಿ, "ರೀ, ಅದರೊಳಗೆ ಏನಿಟ್ಟಿದ್ದೀರಿ?" ಎಂದಳು.

"ಏನಿಲ್ಲ. ಗೋಡೆ ಇದೆ."

"ಗೋಡೆಗೆ ಯಾಕ್ರೀ ಬಾಗಿಲು?"

"ಮತ್ತೆ? ಅದು ಎಷ್ಟು ದಿನ ಅಂತ ಎಲ್ಲರ ಕಣ್ಣಿಗೆ ಬಿದ್ದುಕೊಂಡು ನಿಂತಿರಬೇಕು?" ಎಂದು ಮುಚ್ಚಳಪ್ಪ ಟೀ ಲೋಟವನ್ನು ತೆಗೆದುಕೊಂಡು, ಅದರ ಮೇಲೆ ತಟ್ಟೆ ಮುಚ್ಚಿದ.