ಹೊಳೆಯಾಚೆಯ ಮೂರು ಗಾಳಿ

ಕೊಡಗಿನ ಚೇರಂಬಾಣೆ ಕಡೆಯ ಬೊಳ್ಳಪ್ಪನವರು ಇಪ್ಪತ್ತೇಳು ವರ್ಷಗಳಿಂದ ದಿನವೂ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆಯುತ್ತಾರೆ. ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಇಷ್ಟು ಇಂಚು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಇಷ್ಟು ಸೆಂಟ್ಸ್ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಜ್ವರ ಬಂದಾಗಲೂ ತಪ್ಪಿಸಿಲ್ಲ. ಬರೆದ ಮೇಲೆ ಹೊಳೆಯಾಚೆಯ ತೋಟದ ತೀರ್ಥಪ್ರಸಾದರಿಗೆ ಫೋನ್ ಮಾಡುತ್ತಾರೆ. ಅವರು ಬೊಳ್ಳಪ್ಪನವರ ಹೆಂಡತಿ ಯಮುನಕ್ಕನ ತಮ್ಮ.

"ನಿಂಗೆ ಎಷ್ಟು?"

"ಒಂದು ಇಂಚು ಹತ್ತು. ನಿಮ್ಗೆ ಬಾವ?"

"ಮೂವತ್ತು ಸೆಂಟ್ಸ್."

ಅಂಥ ದಿನ ಕಾಫಿಗೆ ಸಕ್ಕರೆ ಜಾಸ್ತಿಯಾಯಿತೆಂದು ಯಮುನಕ್ಕ ಬೈಸಿಕೊಳ್ಳಬೇಕು. ಕಾಫಿ ಗಿಡ ಚೆನ್ನಾಗಿ ಹೂ ಬಿಡಲು ಬೇಕಾದ ಹೂಮಳೆ ಯಾವಾಗಲೂ ಆಚೆಗೇ ಬೀಳುತ್ತದೆ ಎಂಬುದು ಬೊಳ್ಳಪ್ಪನವರ ಸಂಕಟ.

ಈ ಏಪ್ರಿಲ್‌ನಲ್ಲಿ ಸುಂಟರಗಾಳಿಯೂ ಆಚೆಗೇ ಬಂತು. ಮೂರೇ ನಿಮಿಷ. ತೋಟಕ್ಕೆ ನೆರಳಾಗಿದ್ದ ಹದಿನಾಲ್ಕು ಸಿಲ್ವರ್ ಮರಗಳನ್ನು ಬಟ್ಟೆ ಹಿಂಡಿದಂತೆ ತಿರುಚಿ ಮುರಿಯಿತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನ ಶೀಟು ಗದ್ದೆಗೆ ಬಿತ್ತು. ತೀರ್ಥಪ್ರಸಾದರೂ ಮನೆಯವರೂ ಮಂಚದಡಿ ಸೇರಿದ್ದರು. ಈಚೆ, ಬೊಳ್ಳಪ್ಪನವರು ಅದನ್ನು ನೋಡುತ್ತ ನಿಂತ ಜಗಲಿಯಲ್ಲಿ ಒಣಗಲು ಹಾಕಿದ ಪಂಚೆಯೂ ಜಾರಲಿಲ್ಲ.

ಮರುದಿನ ಹೊಳೆಯಾಚೆ ನೋಡಲು ಬಂದವರ ಜೀಪುಗಳ ಸಾಲು. "ಸುಂಟರಗಾಳಿ ಏನಿದ್ರೂ ಬಯಲುಸೀಮೆಗೆ. ಕೊಡಗಿಗೆ ಇದೇ ಮೊದಲು, ಅದೂ ನಮ್ಮ ತೋಟಕ್ಕೆ!" ಎಂದು ತೀರ್ಥಪ್ರಸಾದರು ಬಂದವರಿಗೆಲ್ಲ ಮುರಿದ ಮರ ತೋರಿಸುತ್ತಿದ್ದರು.

ಬೊಳ್ಳಪ್ಪನವರು ಆ ದಿನ ಊಟ ಅರ್ಧಕ್ಕೇ ಬಿಟ್ಟರು.

"ನಿಮ್ಗೂ ಬೇಕಿತ್ತಾ ಆ ಗಾಳಿ?" ಎಂದರು ಯಮುನಕ್ಕ.

"ಬೇಕು ಅಂತ ಯಾರು ಹೇಳಿದ್ದು? ಒಂದು ನಾಲ್ಕು ಮರ ಹೋಗಿದ್ರೆ ಎಂತ ಆಗ್ತಿತ್ತು?"

ವಾರದ ಮೇಲೆ ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಪೂಜಿತಾ ಎಂಬ ವಿದ್ಯಾರ್ಥಿನಿ ಹೊಳೆ ದಾಟಿ ಈಚೆಗೆ ಬಂದಳು. ಬೊಳ್ಳಪ್ಪನವರ ಪುಸ್ತಕ ನೋಡಲಿಕ್ಕೆಂದೇ ಬಂದಿದ್ದಳು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತರು.

"ಇಂಥ ಗಾಳಿ ಇಲ್ಲಿಗೆ ಬರೋದೇ ಇಲ್ಲ ಅಂತಾರೆ ಸರ್. ನಿಜಕ್ಕೂ ಬರೋದಿಲ್ವೋ, ಬಂದದ್ದನ್ನ ಯಾರೂ ಬರೆದಿಡ್ಲಿಲ್ವೋ, ಅದನ್ನ ಹುಡುಕ್ತಿದ್ದೀನಿ."

ಬೊಳ್ಳಪ್ಪನವರು ಪುಸ್ತಕವನ್ನು ಅವಳ ಮುಂದಿಟ್ಟರು. ಎರಡು ಸಾವಿರದ ನಾಲ್ಕರ ಮೇ ತಿಂಗಳಲ್ಲಿ ಒಮ್ಮೆ, ಹದಿಮೂರರ ಏಪ್ರಿಲ್‌ನಲ್ಲಿ ಇನ್ನೊಮ್ಮೆ, ಅಂಥದೇ ಗಾಳಿ ತೀರ್ಥಪ್ರಸಾದರ ತೋಟದ ಗುಡ್ಡದ ನೆತ್ತಿಯಲ್ಲಿ ಸುತ್ತಿದ್ದನ್ನು ಅವರು ಇದೇ ಜಗಲಿಯಿಂದ ಕಂಡಿದ್ದರು. ಎರಡು ಸಲವೂ ಪೆನ್ನು ಕೈಯಲ್ಲಿತ್ತು. ತೀರ್ಥನ ತೋಟದ ಹೆಸರು ನನ್ನ ಪುಸ್ತಕದಲ್ಲಿ ಯಾಕೆ ಎಂದುಕೊಂಡು ಮಳೆಯನ್ನಷ್ಟೇ ಬರೆದು ಮುಚ್ಚಿದ್ದರು.

ಪೂಜಿತಾ ಕೊನೆಯ ಪುಟದವರೆಗೂ ನೋಡಿದಳು. "ಹಾಗಾದ್ರೆ ಇದೇ ಮೊದಲು ಅಂತ ಬರ್ಕೊಳ್ಳಲಾ ಸರ್?"

"ಒಂದು ಗಳಿಗೆ ನಿಲ್ಲಿ. ಕಾಫಿ ಕುಡೀರಿ."

ಅವಳು ಒಳಗೆ ಹೋದಾಗ ಅವರು ಹದಿಮೂರನೇ ಇಸವಿಯ ಪುಟ ತೆರೆದರು. ಅಂಚಿನಲ್ಲಿ ಒಂದು ಸಾಲಿಗೆ ಜಾಗವಿತ್ತು. ಶಾಯಿಯೂ ಅದೇ ನೀಲಿ. ಆದರೆ ಕಳೆದ ದಿನದ ಪುಟಕ್ಕೆ ಅವರು ಒಂದು ಸಲವೂ ಆಮೇಲೆ ಏನನ್ನೂ ಸೇರಿಸಿದವರಲ್ಲ. ಪುಟ ಮಗುಚಿ, ಇವತ್ತಿನ ತಾರೀಕಿನ ಕೆಳಗೆ ನಿಧಾನವಾಗಿ ಬರೆದರು: "೨೦೦೪ ಮೇ, ೨೦೧೩ ಏಪ್ರಿಲ್: ಹೊಳೆಯಾಚೆ ಸುಂಟರಗಾಳಿ. ಕಣ್ಣಾರೆ ಕಂಡೆ. ಹೊಟ್ಟೆಕಿಚ್ಚಿನಿಂದ ಆಗ ಬರೆಯಲಿಲ್ಲ."

ಪೂಜಿತಾ ಅದನ್ನು ಎರಡು ಸಲ ಓದಿ ಫೋಟೊ ತೆಗೆದುಕೊಂಡಳು. "ನೆನಪಿನಿಂದ ಬರೆದದ್ದು ಅಂತ ಬೇರೆಯಾಗಿ ಗುರುತು ಹಾಕ್ತೀನಿ ಸರ್. ಆದ್ರೂ ಸೇರಿಸ್ತೀನಿ," ಎಂದಳು.

ಸಂಜೆಯೊಳಗೆ ಸುದ್ದಿ ಹೊಳೆ ದಾಟಿತು. ತೀರ್ಥಪ್ರಸಾದರೇ ಫೋನ್ ಮಾಡಿದರು.

"ಬಾವ, ಹಾಗಾದ್ರೆ ಮೂರೂ ನಮ್ಗೇ!"

"ಇಟ್ಕೋ. ಮೂರನ್ನೂ ಕಂಡವ ನಾನು. ನೀನು ಮಂಚದಡಿ ಇದ್ದೆ."