ದೊಡ್ಡವ್ವನ ಎಡೆಗೆ ಏನಿಡಬೇಕು?

ಒಂದು ಬಾಳೆ ಎಲೆ ಸಾಲದೆ, ಪಕ್ಕಕ್ಕೆ ಇನ್ನೊಂದು ಎಲೆ ಜೋಡಿಸಬೇಕಾಗಿ ಬಂದ ಎಡೆಯನ್ನು ನೀವು ನೋಡಿದ್ದೀರೋ ಇಲ್ಲವೋ, ನಾನಂತೂ ನಮ್ಮ ದೊಡ್ಡವ್ವನ ತಿಥಿಯ ದಿನ, ಹೊಸದುರ್ಗದ ಹತ್ತಿರದ ಅವಳ ಮನೆಯಲ್ಲಿ ಕಣ್ಣಾರೆ ಕಂಡೆ. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬಹುದು: ಸತ್ತವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಎಲೆಯ ತುಂಬ ಬಡಿಸಿ, ಫೋಟೋದ ಮುಂದಿಟ್ಟು, ಕರ್ಪೂರ ಹಚ್ಚಿ, ಅವರು ಬಂದು ಸಂಕೋಚವಿಲ್ಲದೆ ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಸತ್ತ ಮೇಲಾದರೂ ಮನುಷ್ಯ ತನ್ನ ಪಾಡಿಗೆ ತಾನು ನೆಮ್ಮದಿಯಾಗಿ ಉಣ್ಣಲೆಂದು ಹಿರಿಯರು ಮಾಡಿಟ್ಟ ಈ ಏರ್ಪಾಡಿನ ಮೇಲೆ ನನಗೆ ಬಹಳ ಗೌರವವಿದೆ.

ತೊಡಕೆಂದರೆ, ದೊಡ್ಡವ್ವನಿಗೆ ಏನಿಷ್ಟವಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ವಂಶವೂ ನಮ್ಮದಲ್ಲ. ಹೋಳಿಗೆಯೆಂದರೆ ಅವಳಿಗೆ ಪ್ರಾಣ ಎಂದು ಒಬ್ಬರು ಸಾಧಿಸಿದರು. ಪ್ರತಿ ಯುಗಾದಿಗೂ ಅವಳ ಮನೆಯಲ್ಲಿ ಹೋಳಿಗೆ ತಿಂದು, ಮಿಕ್ಕದ್ದನ್ನು ಕಟ್ಟಿಸಿಕೊಂಡು ಹೋಗುತ್ತಿದ್ದವರು ಅವರೇ. ನಾನೂ ಸುಮ್ಮನಿರದೆ ಒತ್ತುಶಾವಿಗೆ ಅಂದೆ. ಅದು ಯಾರಿಗೆ ಇಷ್ಟವೆಂದು ನೀವು ಕೇಳಬೇಡಿ. ಭರಮಸಾಗರದ ಸೋದರಮಾವ, ಅಂದರೆ ದೊಡ್ಡವ್ವನ ತಮ್ಮ, ಲಿವರ್ ಫ್ರೈ ಇರಲೇಬೇಕೆಂದು ಫೋನಿನಲ್ಲೇ ಅಪ್ಪಣೆ ಮಾಡಿದ್ದರು. ಕುರಿಮಂದೆಯ ಹಿಂದೆ ಹೋದ ಗಂಡ ಜ್ವರ ಬಂದು ಅಲ್ಲೇ ತೀರಿಕೊಂಡ ವರ್ಷ, ಇರುವ ಒಬ್ಬ ಮಗನಾದರೂ ಉಳಿಯಲೆಂದು ಹೊರಕೆರೆದೇವಪುರದ ದೇವರಿಗೆ ಹರಕೆ ಹೊತ್ತು ಮಾಂಸ ಬಿಟ್ಟವಳು ಅವಳು. ಆದರೆ ತಮ್ಮ ಬಂದಾಗಲೆಲ್ಲ ಮೂಗಿಗೆ ಸೆರಗು ಹಿಡಿದುಕೊಂಡು ಲಿವರ್ ಹುರಿಯುತ್ತಿದ್ದಳಲ್ಲ, ಮಾವನ ಲೆಕ್ಕದಲ್ಲಿ ಅದು ಅವಳ ಇಷ್ಟವಾಗಿಬಿಟ್ಟಿತ್ತು.

ಊಟದ ಹೊತ್ತಿಗೆ ಬಂದವರು ದೇವರು ಎಂಬುದು ದೊಡ್ಡವ್ವನ ನಂಬಿಕೆ. ಈ ಗುಟ್ಟು ದೇವರಿಗೆ ಯಾರು ಹೇಳಿದರೋ, ಅವಳು ಮುದ್ದೆ ಮಾಡಿ ಇಳಿಸುವ ಹೊತ್ತಿಗೆ ಸರಿಯಾಗಿ ಅವನು ಬೀಗರಾಗಿ, ನೆಂಟರಾಗಿ, ಬಸ್ಸು ತಪ್ಪಿಸಿಕೊಂಡ ಪರಿಚಯದವರಾಗಿ ಅವತರಿಸುತ್ತಿದ್ದ. ಮಾವನ ರೂಪದಲ್ಲಂತೂ ಅವನ ಕೃಪೆಗೆ ಮಿತಿಯೇ ಇರಲಿಲ್ಲ. ಕೂಲಿ ಮಾಡಿ, ಉಣ್ಣೆ ನೂತು ಸಂಪಾದಿಸಿದ ರಾಗಿ ಹೀಗೆ ದೈವಾರ್ಪಿತವಾದ ಮೇಲೆ ತಳದಲ್ಲಿ ಉಳಿದ ತಣ್ಣನೆಯ ತುಣುಕು ಅವಳ ಪಾಲು. ನಾವು ಬೆರಳು ನೆಕ್ಕುತ್ತ, ಸಾಕ್ಷಾತ್ ಅನ್ನಪೂರ್ಣೆ ಎಂದು ಹೊಗಳುತ್ತಿದ್ದೆವು. ಹೆಂಗಸನ್ನು ಅನ್ನಪೂರ್ಣೆ ಮಾಡಿಬಿಟ್ಟರೆ ದೊಡ್ಡ ಅನುಕೂಲವಿದೆ, ನೋಡಿ: ನೀನು ಉಂಡೆಯಾ ಎಂದು ಅವಳನ್ನು ಯಾರೂ ಕೇಳಬೇಕಾಗಿಲ್ಲ.

ಕೊನೆಗೆ ಸಕ್ಕರೆ ಕಾಯಿಲೆ ಬಂತು. ಹೊತ್ತು ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ಚಿತ್ರದುರ್ಗದ ಡಾಕ್ಟರು ಬುದ್ಧಿ ಹೇಳಿದರೆ, ಇವಳು ಭಕ್ತಿಯಿಂದ ತಲೆಯಾಡಿಸಿ, ಆಸ್ಪತ್ರೆಯಲ್ಲಿ ಕೊಟ್ಟ ಬ್ರೆಡ್ಡನ್ನು ಪಕ್ಕದ ಮಂಚದವಳ ಮಕ್ಕಳಿಗೆ ಹಂಚಿದಳು. ಕಾಲಿನ ಹುಣ್ಣು ಮಾಯಲಿಲ್ಲ, ಕಣ್ಣು ಮಂಜಾಯಿತು, ಮನೆಗೆ ಕರೆತಂದರು. ಆಗ ನೋಡಬೇಕಿತ್ತು ನಮ್ಮ ಬಳಗದ ಪ್ರೀತಿಯನ್ನು! ರೋಗಿಯನ್ನು ನೋಡಲೆಂದು ತಂಡ ತಂಡವಾಗಿ ಬಂದು, ಅಯ್ಯೋ ಎಂದು ಲೊಚಗುಟ್ಟಿ, ಉಂಡು ಹೋದೆವು.

ಇದನ್ನೆಲ್ಲ ಕಂಡವಳು ಸೊಸೆ, ನನ್ನ ರತ್ನತ್ತಿಗೆ. ತಿಥಿಯ ಬೆಳಿಗ್ಗೆ ಎಡೆಗೆ ಏನೇನು ಎಂಬ ವಾದ ಜೋರಾಗಿದ್ದಾಗ, ಒಲೆಯ ಮುಂದಿದ್ದ ಅವಳನ್ನು ನಾನು ಮೆಲ್ಲಗೆ ಕೇಳಿದೆ. ಅವಳು ಒಲೆಯಿಂದ ಕಣ್ಣು ಕೀಳದೆ ಹೇಳಿದಳು:

"ಹಾಸಿಗೆ ಹಿಡಿದ ಮ್ಯಾಲೆ ಒಂದಿನ ಕರ್ದು ಹೇಳಿದ್ರು. ಒಂದು ಹೊತ್ತಾದ್ರೂ ಬಿಸಿ ಮುದ್ದೆ ಉಣ್ಬೇಕು ಕಣವ್ವ, ಕೈ ಸುಡಂಗೆ ಇರ್ಬೇಕು ಅಂದ್ರು. ಮಾಡಿಟ್ಟಾಗೆಲ್ಲ ಯಾರೋ ಬರೋರು. ಮೊದ್ಲು ಅವ್ರಿಗೆ ಇಕ್ಕು ಅನ್ನೋರು. ಉಣ್ಲೇ ಇಲ್ಲ."

ಇಷ್ಟೇನಾ ಅವಳು ಬೇಡಿದ್ದು? ಹುರುಳಿ ಸಾರು ಆಗಲೇ ಕುದಿಯುತ್ತಿತ್ತು. ಅತ್ತಿಗೆ ಹಬೆಯಾಡುವ ಮುದ್ದೆಯನ್ನು ಎಲೆಯ ನಡುವಿಗಿಟ್ಟು, ಹೊತ್ತಾಯಿತು, ಕರ್ಪೂರ ಹಚ್ಚಿಬಿಡೋಣ ಎಂದಳು. ಅವಳ ಗಂಡನೂ ಸೇರಿ ಎಲ್ಲರೂ ಹೌಹಾರಿದರು. ಹಿರಿಯರಾದ ಮಾವ ಬಾರದೆ ಕರ್ಪೂರ ಹಚ್ಚುವುದುಂಟೆ? ಮಾವ ಫೋನಿನಲ್ಲಿ ಆಗ ತಾನೇ ಹೊಳಲ್ಕೆರೆ ದಾಟಿದ್ದರು. ಎಷ್ಟೋ ಹೊತ್ತಿನ ಮೇಲೆ ಮತ್ತೆ ಕೇಳಿದಾಗಲೂ ಹೊಳಲ್ಕೆರೆಯನ್ನು ದಾಟುತ್ತಲೇ ಇದ್ದರು. ಮುದ್ದೆಯ ಹಬೆ ಸೊರಗಿತು, ಮೈ ಬಿರುಕು ಬಿಟ್ಟಿತು, ಸಾರಿನ ಮೇಲೆ ಕೆನೆಗಟ್ಟಿತು. ಬದುಕಿದ್ದಾಗ ಅವಳ ಊಟ ಆರಿಸಿದ್ದು ಸಾಲದೆಂದು ಸತ್ತ ಮೇಲೂ ಆರಿಸಿದೆವು, ಅದೂ ಶಾಸ್ತ್ರೋಕ್ತವಾಗಿ. ಅತ್ತಿಗೆ ಒಳಗೆ ಹೋದವಳು ಹೊರಗೆ ಬರಲಿಲ್ಲ.

ಅಂತೂ ಮಾವ ಬಂದರು. ಕೈಕಾಲು ತೊಳೆದು, ಫೋಟೋದ ಮುಂದೆ ನಿಂತು, ನಮ್ಮಕ್ಕ ಎಂಥ ತಾಯಿ ಎಂದು ಕಣ್ಣೊರೆಸಿಕೊಂಡು ಬೆಂಕಿಪೊಟ್ಟಣಕ್ಕೆ ಕೈಚಾಚಿದರು. ಅಷ್ಟರಲ್ಲಿ ಅತ್ತಿಗೆ ಬಂದು, ಯಾರ ಅನುಮತಿಯನ್ನೂ ಕೇಳದೆ ಎರಡೂ ಎಲೆಗಳನ್ನು ಎತ್ತಿ ಮಾವನ ಮುಂದಿಟ್ಟಳು.

"ಇದು ಆರೋಗೈತೆ ಮಾವ. ಇದ್ನ ನೀವು ಉಣ್ರಿ."

ಫೋಟೋದ ಮುಂದೆ ಹೊಸ ಎಲೆ ಹಾಕಿ, ಆಗಷ್ಟೇ ತಿರುವಿ ಕಟ್ಟಿದ, ಮುಟ್ಟಿದರೆ ಕೈ ಸುಡುವ ಒಂದು ಮುದ್ದೆಯಿಟ್ಟು ಸಾರು ಬಿಟ್ಟಳು. ಬೇರೇನೂ ಬಡಿಸಲಿಲ್ಲ. ತಾನೇ ಕರ್ಪೂರ ಹಚ್ಚಿ, ನಮ್ಮನ್ನೆಲ್ಲ ಹೊರಗೆ ಕಳಿಸಿ, ಬಾಗಿಲೆಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ಹೊಸ್ತಿಲ ಹೊರಗೆ ಕುಳಿತಳು. ಪದ್ಧತಿಗೆ ಒಂದೆರಡು ನಿಮಿಷ ಸಾಕು, ಅವಳು ಏಳಲಿಲ್ಲ. ಹಸಿದ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮಾವ, ಇನ್ನೂ ಎಷ್ಟು ಹೊತ್ತಮ್ಮ ಎಂದು ಗೊಣಗಿದರು.

"ಕುಂತ್ಕಳ್ರಿ ಮಾವ," ಎಂದಳು ಅತ್ತಿಗೆ. "ಅತ್ತೆ ಉಣ್ತಾ ಐದಾರೆ."

ಮಾವ ಕುಳಿತರು. ನಾವೂ ಕುಳಿತೆವು. ದೊಡ್ಡವ್ವನ ಊಟ ಮುಗಿಯಲೆಂದು ನಾವು ಕಾದದ್ದು ಅದೇ ಮೊದಲು.